ದೇವರ ಪಾಲಿನ ಗುಳಿಗೆ

ಕುರಿ ಸಂತೆಯಲ್ಲಿ ಬಾಯಿ ಬಿಟ್ಟು ಬೆಲೆ ಹೇಳುವವನು ಒಂದೋ ಹೊಸಬ, ಇಲ್ಲಾ ಹುಚ್ಚ. ಬೆಲೆ ಏನಿದ್ದರೂ ಟವೆಲ್ಲಿನ ಕೆಳಗೆ. ಕೊಳ್ಳುವವನು ಕೈ ಚಾಚಬೇಕು, ದಲ್ಲಾಳಿ ಅದರ ಮೇಲೆ ತನ್ನ ಟವೆಲ್ ಹೊದಿಸಿ ಒಳಗೊಳಗೇ ಬೆರಳು ಹಿಡಿದು ಒತ್ತಬೇಕು. ಇಷ್ಟು ಬೆರಳಿಗೆ ಇಷ್ಟು ಸಾವಿರ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಮಾತ್ರ. ಅದನ್ನು ಎತ್ತಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ಬೆಲೆ ಬದಲಾಗುವುದಿಲ್ಲ. ಇಂಗಳೇಶ್ವರದ ಅಮಸಿದ್ದ ಇಪ್ಪತ್ತು ವರ್ಷ ಹೀಗೆ ಬೆರಳಿನಿಂದಲೇ ಮನೆಮಂದಿಯ ಹೊಟ್ಟೆ ಹೊರೆದವನು. ಅಂಥವನು ಮುದ್ದೇಬಿಹಾಳದ ಸಂತೆಯಲ್ಲಿ ಗೊಳಸಂಗಿಯ ಮಾಳಿಂಗನ ಟಗರುಗಳಿಗೆ ನಾಲ್ಕು ಬೆರಳು ಒತ್ತುವಲ್ಲಿ ಮೂರು ಒತ್ತಿ, ಸಿಂದಗಿಯ ವ್ಯಾಪಾರಿ ಆಸಿಫನಿಗೆ ಕೊಟ್ಟು, ಟವೆಲ್ ಎತ್ತಿಬಿಟ್ಟ ಅಂದರೆ ಯಾರು ನಂಬಬೇಕು?

ಮಾಳಿಂಗನಂತೂ ನಂಬಲಿಲ್ಲ. ಮರುದಿನ ಬೆಳಕು ಹರಿಯುವುದೇ ತಡ, ಬೈಕನ್ನು ಅಂಗಳಕ್ಕೇ ತಂದು ನಿಲ್ಲಿಸಿ ಬಾಗಿಲಲ್ಲೇ ಬಾಯಿ ತೆಗೆದ. ಅಮಸಿದ್ದನ ಹೆಂಡತಿ ರಾಜಶ್ರೀ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಾಗೇವಾಡಿಯ ಖಾನಾವಳಿಯೊಂದಕ್ಕೆ ದಿನಾ ಒಂದು ಬುಟ್ಟಿ ಜೋಳದ ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು. ಮೊದಲ ಬಸ್ಸಿಗೆ ಬುಟ್ಟಿ ಏರದಿದ್ದರೆ ಖಾನಾವಳಿಯವರ ಬೈಗುಳ ಬೇರೆ ಕೇಳಬೇಕು.

"ಎಲ್ಲಿ ಅದಾನ್ರಿ ವೈನಿ ನಿಮ್ಮ ಯಜಮಾನ? ನನ್ನ ಟಗರು ಪುಕ್ಕಟ ಹಂಚಿ ಬಂದಾನಲ್ಲ!"

"ಮುಂಜಾನೆದ್ದು ಹೊಸ್ತಿಲದಾಗ ನಿಂತು ಒದರಬ್ಯಾಡ್ರಿ ಮಾಳಿಂಗಣ್ಣ. ಒಳಗ ಬರ್ರಿ, ಚಾ ಕುಡೀರಿ."

"ಚಾ ಯಾರಿಗೆ ಬೇಕಾಗೇತಿ? ಆಸಿಫನ ಜೋಡಿ ಒಳಗಿಂದೊಳಗ ಪಾಲು ಮಾಡ್ಕೊಂಡಾನೋ, ಇಲ್ಲಾ ಕುಡದಿದ್ನೋ, ಅದನ್ನ ಹೇಳ್ರಿ ಮೊದಲ!"

"ಕುಡಿಯಂಗಿಲ್ಲ ಅವರು. ಊರಿಗೆಲ್ಲ ಗೊತ್ತೈತಿ."

ಅಮಸಿದ್ದ ಕಟ್ಟೆಯ ಮೇಲೆ ಕೂತಿದ್ದ. ಇಷ್ಟು ಗದ್ದಲ ನಡೆದಿದ್ದರೂ ಎದ್ದು ಬರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತ, "ನಾ ನಾಕ ಒತ್ತೇನಿ ಅಂತ ತಿಳಕೊಂಡಿದ್ದೆ" ಅಂದ. ಅಷ್ಟೇ. ಮೊದಲಾಗಿದ್ದರೆ ಯಾರಾದರೂ ತನ್ನ ವ್ಯಾಪಾರದ ಬಗ್ಗೆ ಅರ್ಧ ಮಾತಾಡಿದರೆ ಮನೆಯ ತೊಲೆ ಅದುರುವ ಹಾಗೆ ಕೂಗಾಡುತ್ತಿದ್ದ ಗಂಡಸು. ಮಾಳಿಂಗನೇ ಕೂಗಿ ಕೂಗಿ ಸಾಕಾಗಿ, ಇನ್ನು ಈ ಮನೆಯ ದಲ್ಲಾಳಿಕೆಗೆ ಎಳ್ಳುನೀರು ಬಿಟ್ಟೆ ಎಂದು ಬೈಕು ತಿರುಗಿಸಿಕೊಂಡು ಹೋದ.

ಒಳಗೆ ದೇವರ ಜಗಲಿಯ ಮುಂದೆ ಕೂತಿದ್ದ ಚಂದವ್ವ, ಅಮಸಿದ್ದನ ತಾಯಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡೇ ಹೊರಗೆ ಬಂದಳು.

"ಹೊಟ್ಟಿಗಿ ನೆಟ್ಟಗ ಹಾಕಿದ್ರ ಬೆರಳಿಗೆ ಶಕ್ತಿ ಬರತೈತಿ. ಊರಿಗೆಲ್ಲ ರೊಟ್ಟಿ ಬಡದು ಕಳಸ್ತಾಳ, ನನ್ನ ಮಗಗ ಬೋಗಾಣಿ ತಳದಾಂದು."

"ಅತ್ತಿ, ಬಿಸಿ ರೊಟ್ಟಿ ಮೊದಲ ಅವರಿಗೇ ಹಾಕೇನಿ. ನಿಮ್ಮ ಕಣ್ಣ ಮುಂದನ ಹಾಕೇನಿ."

"ಹಾಕಿ ಏನ್ ಬಂತು? ಹಾಕೋ ಕೈಯಾಗ ಮಾಯಾ ಇರಬೇಕು."

ರಾಜಶ್ರೀ ಹಿಟ್ಟಿನ ಕೈಯನ್ನು ನಾದುವ ಪರಾತಕ್ಕೆ ಬಡಿದಳು. ರೊಟ್ಟಿ ಸೀದು ಹೋಯಿತು, ಬಸ್ಸೂ ಹೋಯಿತು.

ಆದರೆ ಅವಳಿಗೂ ಒಳಗೊಳಗೆ ಗೊತ್ತಿತ್ತು, ಇದು ಸಂತೆಯಲ್ಲಿ ಶುರುವಾದದ್ದಲ್ಲ. ನಾಲ್ಕಾರು ತಿಂಗಳಿಂದ ಗಂಡನ ಕಾಟ ತಾಳಲಾರದೆ ಅವಳ ತಲೆ ಚಿಟ್ಟು ಹಿಡಿದು ಹೋಗಿತ್ತು. ನಳದ ನೀರು ಹಿಡಿಯಲು ಹೇಳಿದರೆ ಕೊಡ ತುಂಬಿ ಅಂಗಳವೆಲ್ಲ ಕೆಸರಾದರೂ ಪಕ್ಕದಲ್ಲೇ ನಿಂತಿರುತ್ತಿದ್ದ. ಬೆಲ್ಲ ತರಲು ಕಳಿಸಿದರೆ ಕೈಬೀಸಿಕೊಂಡು ಬಂದು, "ಏನ್ ತಾ ಅಂದಿದ್ದಿ?" ಎನ್ನುತ್ತಿದ್ದ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅವಳ ಹತ್ತು ರೊಟ್ಟಿ ಬೆಂದಿರುತ್ತಿದ್ದವು. ಹಟ್ಟಿಯ ತಡಿಕೆ ಹಾಕುವುದನ್ನು ಮರೆತು ಎರಡು ಸಲ ಕುರಿಗಳು ಮಂದಿಯ ತೊಗರಿಗೆ ಹೋಗಿದ್ದವು. ಕೇಳಿದರೆ ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

"ಮೈಗಳ್ಳ ಆಗ್ಯಾರ ನಿಮ್ಮಪ್ಪ" ಎಂದು ಅವಳು ಮಗಳ ಮುಂದೆ ಹಲುಬುತ್ತಿದ್ದಳು. "ಕುಂತಲ್ಲೆ ಕುಂತ, ನಿಂತಲ್ಲೆ ನಿಂತ. ನಾನೊಬ್ಬಾಕಿ ಕತ್ತಿ ದುಡದಂಗ ದುಡೀಬೇಕು."

ಮಗಳು ವಿಜಯಶ್ರೀ ಬಾಗೇವಾಡಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಮನೆಯಲ್ಲಿ ಅವಳದೇ ಚೂಪು ನಾಲಿಗೆ. "ಅವ್ವಾ, ಮೈಗಳ್ಳರು ಕೆಲಸ ತಪ್ಪಸಾಕ ನೂರು ನೆವ ಹೇಳ್ತಾರ. ಪಪ್ಪಾ ಒಂದೂ ಹೇಳಂಗಿಲ್ಲ. ಅದನ್ನರ ನೋಡಿಯೇನು?"

ಈ ಮಾತು ರಾಜಶ್ರೀಗೆ ಚುಚ್ಚಿತು. ಆದರೂ ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಹಿಟ್ಟು ನಾದುವುದಿತ್ತು.

ಈ ಮನೆಯ ದೊಡ್ಡ ಸಂಗತಿ ಒಂದನ್ನು ಇಲ್ಲೇ ಹೇಳಿಬಿಡಬೇಕು. ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇತ್ತು. ಗೊತ್ತಾಗಿ ಎಂಟು ವರ್ಷ. ಯಾರಿಂದ ಯಾರಿಗೆ ಬಂತೆಂಬ ಜಗಳ ಆಗಲೇ ಆಡಿ ಮುಗಿದಿತ್ತು. ಅಮಸಿದ್ದ ಗೋಡೆಗೆ ತಲೆ ಬಡಿದುಕೊಂಡು ಅತ್ತಿದ್ದ, ಅವಳು ಆರು ತಿಂಗಳು ತವರಿನಲ್ಲಿದ್ದು ತಿರುಗಿ ಬಂದಿದ್ದಳು. ಮಗಳಿಗೆ ಇಲ್ಲವೆಂದು ತಿಳಿದ ದಿನ ಇಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದರು. ಅಲ್ಲಿಂದ ಇಲ್ಲಿಯವರೆಗೆ ಸರಕಾರಿ ದವಾಖಾನೆಯ ಎ.ಆರ್.ಟಿ. ಕೇಂದ್ರದಿಂದ ತಿಂಗಳಿಗಾಗುವಷ್ಟು ಔಷಧದ ಬಾಟಲಿ ಬರುತ್ತಿತ್ತು. ದಿನಕ್ಕೆ ಒಂದೇ ಗುಳಿಗೆ, ರಾತ್ರಿ ಊಟದ ಮೇಲೆ. ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಊರಿನಲ್ಲಿ ಯಾರಿಗೂ ಸುಳಿವಿರಲಿಲ್ಲ.

ಬಾಟಲಿಗಳು ಮಾತ್ರ ಬೇರೆ ಬೇರೆ ಕಡೆ. ಮೊದಲ ದಿನವೇ ಚಂದವ್ವ ಮಗನ ಬಾಟಲಿ ಎತ್ತಿಕೊಂಡು, "ನನ್ನ ಮಗಂದು ನಾ ನೋಡ್ಕೋತೇನಿ. ನಿಂದು ನೀ ನೋಡ್ಕೋ" ಅಂದಿದ್ದಳು. ಅವನದು ದೇವರ ಜಗಲಿಯ ಮೇಲೆ, ಇವಳದು ಅಡಿಗೆಮನೆಯ ಉಪ್ಪಿನ ಡಬ್ಬಿಯ ಹಿಂದೆ. ಹೋದ ವರ್ಷ ಅವನಿಗೆ ಜ್ವರ ಬಂದು ಹಾಸಿಗೆ ಹಿಡಿದಾಗ ಚಂದವ್ವ ಮನೆದೇವರಾದ ಸಿದ್ಧನಿಗೆ ಹರಕೆ ಹೊತ್ತಳು. ಜ್ವರ ಇಳಿಯಿತು. ಅಂದಿನಿಂದ ಐತವಾರ, ಸೋಮವಾರ, ಅಮಾವಾಸ್ಯೆ ದೇವರ ವಾರದ ದಿನಗಳಾಗಿ ತಾಯಿ ಮಗ ಇಬ್ಬರಿಗೂ ಉಪವಾಸ. ಒಲೆಯ ಮೇಲೆ ಬೆಂದದ್ದೇನೂ ಮುಟ್ಟುವಂತಿಲ್ಲ, ಹಾಲು ಬಾಳೆಹಣ್ಣು ಅಷ್ಟೇ. ರಾಜಶ್ರೀ ಅದಕ್ಕೆ ಅಡ್ಡಿ ಮಾಡಲಿಲ್ಲ. ಎರಡು ದಿನ ಎರಡು ಬಾಯಿಯ ಅಡಿಗೆ ಕಡಿಮೆ, ಆಗಲಿ ಬಿಡು ಎಂದುಕೊಂಡಿದ್ದಳು.

ಸಂತೆಯ ಗಲಾಟೆಯಾಗಿ ಎರಡು ವಾರವಾಗಿತ್ತು. ಖಾನಾವಳಿಯ ಖಾಲಿ ಬುಟ್ಟಿ ತರಲು ಬಾಗೇವಾಡಿಗೆ ಹೋದ ಅಮಸಿದ್ದ ಹೊತ್ತು ಮುಳುಗಿದರೂ ಬರಲಿಲ್ಲ. ಕೊನೆಗೆ ಅವನ ಮೊಬೈಲಿನಿಂದಲೇ ಯಾರೋ ಮಾತಾಡಿದರು. "ಬಸ್ ಕಂಡಕ್ಟರ್ರಿ. ಇವರು ಇಂಡಿ ಸ್ಟ್ಯಾಂಡಿನ್ಯಾಗ ಇಳಿಯವಲ್ರು. ಎಲ್ಲಿಗೆ ಹೋಗ್ಬೇಕಂದ್ರ, ಮನಿಗೆ ಅಂತಾರ. ಯಾವ ಊರು ಅಂದ್ರ ಸುಮ್ಮಕ ಕುಂದರ್ತಾರ."

ಹುಟ್ಟಿದಾಗಿನಿಂದ ನೋಡಿದ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಬಸ್ಸು ಹತ್ತಿದ್ದ! ರಾಜಶ್ರೀ ಬಾಡಿಗೆ ಗಾಡಿ ಮಾಡಿಕೊಂಡು ಹೋಗಿ ಕರೆತಂದಳು. ದಾರಿಯುದ್ದಕ್ಕೂ ಬೈದಳು. ಬೈದು ಬೈದು ಬಾಯಿ ಒಣಗಿ ಸುಮ್ಮನಾದಾಗ ಅವನು, "ಬುಟ್ಟಿ ಬಸ್ಸಿನ್ಯಾಗ ಬಿಟ್ನೆ?" ಅಂದ. ಮಡಿಲಲ್ಲೇ ಇತ್ತು ಬುಟ್ಟಿ. ಆಗ ಮೊದಲ ಸಲ ಅವಳಿಗೆ ಸಿಟ್ಟಿನ ಜಾಗದಲ್ಲಿ ಭಯ ಹೊಕ್ಕಿತು.

ಎ.ಆರ್.ಟಿ. ಕೇಂದ್ರದ ಡಾಕ್ಟರು ಶೈಲಶ್ರೀ ಹೆಚ್ಚು ಮಾತಿನವರಲ್ಲ. ರಾಜಶ್ರೀ ನಳದಿಂದ ಹಿಡಿದು ಇಂಡಿ ಬಸ್ಸಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ ಮೇಲೆ ಅವರು ಅಮಸಿದ್ದನ ಕಡೆ ತಿರುಗಿದರು.

"ಅಮಸಿದ್ದಣ್ಣ, ನಾಕು ಮಾತು ಹೇಳ್ತೇನಿ, ನೆನಪಿಟ್ಕೋರಿ. ಕುರಿ, ಛತ್ರಿ, ಬೆಲ್ಲ, ಹಳದಿ. ಆಮ್ಯಾಲ ಕೇಳ್ತೇನಿ. ಈಗ ಹೆಬ್ಬೆಟ್ಟು, ತೋರಬೆರಳು ಎರಡೂ ಹಿಂಗ ಲಗು ಲಗು ಬಡೀರಿ ನೋಡೋಣ."

ಅವನು ಬಡಿದ. ಒಂದು, ಎರಡು, ಆಮೇಲೆ ಬೆರಳು ದಾರಿ ತಪ್ಪಿ ಮಧ್ಯದ ಬೆರಳಿಗೆ ಹೋಗಿ ಬಡಿಯಿತು. ಟವೆಲ್ಲಿನ ಕೆಳಗೆ ಕಣ್ಣಿಲ್ಲದೆ ಲೆಕ್ಕ ಹೇಳುತ್ತಿದ್ದ ಬೆರಳುಗಳು ಅವು. ಮುಷ್ಟಿ, ಅಂಗೈ, ಕೈಯಂಚು, ಹೀಗೆ ಒಂದರ ಹಿಂದೊಂದು ಮೇಜಿನ ಮೇಲೆ ಇಡಲು ಹೇಳಿದರು. ಅದೂ ಬರಲಿಲ್ಲ. ನಾಲ್ಕು ಮಾತಿನಲ್ಲಿ ಕುರಿ ಒಂದೇ ಉಳಿದಿತ್ತು. ಛತ್ರಿ, ಬೆಲ್ಲ, ಹಳದಿ ಮೂರೂ ರಾಜಶ್ರೀಯ ನಾಲಿಗೆಯ ತುದಿಗೆ ಬಂದವು. ಹೇಳಿಬಿಡಬಾರದೆಂದು ಸೆರಗು ಕಚ್ಚಿಕೊಂಡು ಕೂತಳು.

ರಕ್ತ ಕಳಿಸಿದರು, ವಿಜಯಪುರದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಎಲ್ಲ ಬಂದ ಮೇಲೆ ಮತ್ತೆ ಕರೆದರು. ತಲೆಯಲ್ಲಿ ಗಡ್ಡೆಯಿಲ್ಲ, ಟಿಬಿ ಇಲ್ಲ. ಆದರೆ ರಕ್ತದಲ್ಲಿ ವೈರಸ್ ಬೇಕಾಬಿಟ್ಟಿ ಏರಿತ್ತು. ರಾಜಶ್ರೀಯ ರಕ್ತದಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ.

"ಒಂದ ಮನಿ, ಒಂದ ಗುಳಿಗಿ. ಹಿಂಗ್ಯಾಕ ಆತು?" ಡಾಕ್ಟರು ಕೇಳಿದರು. "ದಿನಾ ತಗೋತಾರೇನ್ರಿ?"

"ದಿನಾ ತಗೋತಾರ್ರಿ. ತಿಂಗಳಿಗೆ ಸರಿಯಾಗಿ ಬಾಟ್ಲಿ ಖಾಲಿ ಆಗತೈತಿ, ನಾನ ತಂದು ತೋರಸ್ತೇನಲ್ರಿ."

"ಬಾಟ್ಲಿ ಖಾಲಿ ಆದ್ರ ಆತೇನ್ರಿ? ಹೊಟ್ಟಿಗೆ ಹೋಗಿರಬೇಕಲ್ಲ. ಅಮಸಿದ್ದಣ್ಣ, ನೀವ ಹೇಳ್ರಿ. ದಿನಾ ನುಂಗ್ತೀರಿ?"

"ಹೌದ್ರಿ" ಅಂದ ಅಮಸಿದ್ದ. ಮತ್ತೆ, ಚಹಾ ಕುಡಿದೆ ಅಂದಷ್ಟೇ ಸಲೀಸಾಗಿ, "ವಾರದ ದಿನ ಇಲ್ರಿ. ಅವತ್ತಿಂದು ದೇವರಿಗೆ" ಅಂದ.

"ದೇವರಿಗೆ ಅಂದ್ರ?"

"ಅವ್ವ ಮುಡಿಪು ಕಟ್ಟತಾಳ್ರಿ. ಹಳದಿ ಅರಿವ್ಯಾಗ."

ಡಾಕ್ಟರ ಪೆನ್ನು ನಿಂತಿತು. ರಾಜಶ್ರೀ ಬೆರಳು ಮಡಿಸಿ ಎಣಿಸಿದಳು. ಐತವಾರ, ಸೋಮವಾರ, ಮೇಲೆ ಅಮಾವಾಸ್ಯೆ. ವರ್ಷದ ಮೇಲಾಯಿತು!

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ನೋಡ್ರಿ, ಈ ವೈರಸ್ ಶುರುವಿನ್ಯಾಗ ಮಿದುಳಿಗೂ ಹೋಗಿ ಅಡಗಿರತೈತಿ. ಗುಳಿಗಿ ಅದನ್ನ ಅಲ್ಲೇ ಅದುಮಿ ಇಟ್ಟಿರತೈತಿ. ನೀವು ಕುರಿ ಕಾಯೋ ಮಂದಿ, ನಿಮಗ ಹಂಗ ಹೇಳ್ತೇನಿ. ಗುಳಿಗಿ ತಪ್ಪಿದ್ರ ಈ ವೈರಸ್ಸು ಕುರಿಗೆ ಬಾಯಿ ಹಾಕಂಗಿಲ್ಲ, ಹಟ್ಟಿ ಕಾಯೋ ನಾಯಿಗೇ ಹುಚ್ಚು ಹಿಡಸ್ತೈತಿ. ಆಮ್ಯಾಲ ಆ ನಾಯೇ ಕುರಿಗೆ ಕಡೀತೈತಿ, ಅಂದ್ರ ಮಿದುಳು ಕಾಯೋ ಕಣಗಳೇ ಮಿದುಳು ಕೆಡಸ್ತಾವ. ನೆನಪು, ಬೆರಳಿನ ಚುರುಕು, ಮನಸಿನ ಹುರುಪು, ಎಲ್ಲಾ ಹಂಗ ಹೋಗೂದು. ಇವರು ಮೈಗಳ್ಳರಲ್ಲ."

ರಾಜಶ್ರೀ ಗಂಡನ ಮುಖ ನೋಡಲಾರದೆ ನೆಲ ನೋಡಿದಳು. "ಹೋದದ್ದು ತಿರುಗಿ ಬರತೈತೇನ್ರಿ?"

"ಒಂದಿಷ್ಟು ಬರಬಹುದು. ಪೂರಾ ಬರತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ಇನ್ನ ಹೋಗೋದನ್ನ ಮಾತ್ರ ನಿಲ್ಲಸಬಹುದು. ಮೂರು ತಿಂಗಳು ಒಂದ ದಿನಾನೂ ಬಿಡದ ನುಂಗಸ್ರಿ, ಮತ್ತ ರಕ್ತ ನೋಡೋಣ. ಹಿಂಗ ಬಿಟ್ಟು ಬಿಟ್ಟು ನುಂಗಿದ್ರ ವೈರಸ್ಸು ಗುಳಿಗಿಗೇ ಪಳಗತೈತಿ, ಆಮ್ಯಾಲ ಈ ಗುಳಿಗಿ ಕೆಲಸಕ್ಕ ಬರಂಗಿಲ್ಲ."

"ಉಪಾಸ ಇದ್ರ? ಖಾಲಿ ಹೊಟ್ಟಿಗೆ?"

"ಊಟ ಆಗಿರಲಿ, ಬಿಡಲಿ, ಈ ಗುಳಿಗಿಗೆ ಏನೂ ಫರಕಿಲ್ರಿ. ಒಂದ ಗುಟುಕು ನೀರು ಸಾಕು."

ಒಂದು ಗುಟುಕು ನೀರು! ಮನೆಗೆ ಬಂದವಳೇ ರಾಜಶ್ರೀ ಚಪ್ಪಲಿ ಕೂಡ ಬಿಡದೆ ಜಗಲಿಗೆ ಹೋಗಿ ದೇವರ ಹಿಂದೆ ಕೈಹಾಕಿದಳು. ಹಳದಿ ಬಟ್ಟೆಯ ಗಂಟು ಸಿಕ್ಕಿತು. ಮುಷ್ಟಿ ತುಂಬುವಷ್ಟು ದೊಡ್ಡದು. ಬಿಚ್ಚಿದರೆ ಭಂಡಾರದಲ್ಲಿ ಹೊರಳಿದ ಗುಳಿಗೆಗಳು.

"ಏ! ಮುಡಿಪು ಮುಟ್ಟಬ್ಯಾಡ!" ಚಂದವ್ವ ಹಿತ್ತಲಿನಿಂದ ಓಡಿ ಬಂದಳು.

"ಇದು ಮುಡಿಪಲ್ರಿ ಅತ್ತಿ, ನಿಮ್ಮ ಮಗನ ತಲಿ! ತಲಿಯಾಗಿನ ಬುದ್ಧಿ ಕಿತ್ತು ಕಿತ್ತು ಇಲ್ಲಿ ಗಂಟು ಕಟ್ಟೀರಿ!"

"ಬಾಯಿಗೆ ಬಂದದ್ದು ಮಾತಾಡಬ್ಯಾಡ. ದೇವರ ಮ್ಯಾಲ ಭಾರ ಹಾಕಿದ ದಿನ ಗುಳಿಗಿ ನುಂಗಿದ್ರ ದೇವರನ್ನ ನಂಬಲಿಲ್ಲಂದಂಗ ಆಕ್ಕೈತಿ. ಹಂಗಂತ ಚೆಲ್ಲಿಲ್ಲ ನಾ, ದೇವರ ಪಾಲಂತ ತಗದಿಟ್ಟೇನಿ. ಒಂದಾದ್ರೂ ಹಾಳು ಮಾಡೇನೇನು?"

"ಹಾಳು ಮಾಡಿದ್ರ ಛಲೋ ಇತ್ತು! ಚೆಲ್ಲಿದ್ರ ಯಾರರ ನೋಡಿ ನನಗ ಹೇಳ್ತಿದ್ರು. ಅವರದೂ ನಂದೂ ಒಂದ ಬ್ಯಾನಿ, ಒಂದ ಗುಳಿಗಿ. ನಾ ಯಾಕ ನೆಟ್ಟಗದೀನಿ ಕೇಳ್ರಿ. ನನ್ನ ಸಲುವಾಗಿ ಯಾರೂ ಹರಕಿ ಹೊರಲಿಲ್ಲ, ಅದಕ್ಕ ನೆಟ್ಟಗದೀನಿ!"

ಚಂದವ್ವನಿಗೆ ಮಾತು ತಾಗಿತು, ಆದರೆ ಸೋಲುವ ಜೀವವಲ್ಲ. "ನಿನ್ನ ತವರವರು ಹೊತ್ತಕೋಬೇಕಿತ್ತು" ಎಂದು ಗಂಟು ಕಸಿದುಕೊಂಡಳು. "ಯುವರಾಜ ಅಂತ ಹಿರೇಮಗ ಇದ್ದ ನನಗ. ಹರಕಿ ಹೊತ್ತು ಮುರದೆ. ಆ ಕೂಸನ್ನ ಮಣ್ಣಿಗೆ ಕೊಟ್ಟೇನಿ. ಇನ್ನೊಂದನ್ನ ಕೊಡಂಗಿಲ್ಲ. ನಿಮ್ಮ ಡಾಕ್ಟರಿಗೆ ಹೇಳು ಹೋಗು."

ಮುದುಕಿ ಹಟಮಾರಿಯಾಗಿದ್ದರೆ ಹೊಡೆದಾಡಬಹುದಿತ್ತು. ಅವಳು ಹೆದರಿದ್ದಳು. ಹೆದರಿದವಳ ಜೊತೆ ಹೊಡೆದಾಡುವುದು ಇನ್ನೂ ಕಷ್ಟ.

ವಾರದ ಉಳಿದ ದಿನಗಳಲ್ಲಿ ತಕರಾರಿಲ್ಲ, ಅಮಸಿದ್ದ ನುಂಗಿದ. ಐತವಾರ ಸಂಜೆ ರಾಜಶ್ರೀ ಗುಳಿಗೆ ನೀರು ತಂದು ಮುಂದೆ ಹಿಡಿದಳು. ಚಂದವ್ವ ಅಡ್ಡ ಬಂದು ಕೂತಳು.

"ಅವ ನುಂಗಿದ್ರ ನಾ ಇವತ್ತಿಂದ ನೀರೂ ಮುಟ್ಟಂಗಿಲ್ಲ. ನನ್ನ ಹೆಣ ಎತ್ತಿದ ಮ್ಯಾಲ ಬೇಕಾದಷ್ಟು ನುಂಗಿಸ್ಕೋರಿ."

"ಆಯಿ, ನೀ ಬಿಪಿ ಗುಳಿಗಿ ವಾರದ ದಿನ ಬಿಡ್ತಿಯೇನು?" ವಿಜಯಶ್ರೀ ಕೇಳಿದಳು.

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ನನ್ನ ಬಿಪಿಗೆ ಯಾರು ಹರಕಿ ಹೊತ್ತಾರ? ನೀ ಓದ್ಕೋ ಹೋಗು!"

ಅಮಸಿದ್ದ ಹೆಂಡತಿಯ ಕೈಯನ್ನು ಮೆಲ್ಲಗೆ ಸರಿಸಿದ. "ಇವತ್ತೊಂದಿನ ಬಿಡ. ಅವ್ವ ಉಪಾಸ ಬೀಳ್ತಾಳ."

"ಇವತ್ತೊಂದಿನ, ನಾಳಿ ಒಂದಿನ! ನಿಮ್ಮವ್ವ ಉಪಾಸ ಬೀಳ್ತಾಳಂತ ನೋಡ್ತೀರಿ, ನಾ ಏನ್ ಬೀಳಾಕತ್ತೇನಿ ಅನ್ನೋದು ಕಾಣಂಗಿಲ್ಲ ನಿಮಗ?"

ಕಾಣಲಿಲ್ಲ. ಐತವಾರವೂ ಹೋಯಿತು, ಸೋಮವಾರವೂ ಹೋಯಿತು. ಎರಡು ಗುಳಿಗೆ ಮತ್ತೆ ಗಂಟು ಸೇರಿದವು. ರಾಜಶ್ರೀ ಸಿಟ್ಟಿನಲ್ಲಿ ಬಡಿದ ರೊಟ್ಟಿ ಎಷ್ಟು ತೆಳುವಾದವೆಂದರೆ ಖಾನಾವಳಿಯವರು ಫೋನ್ ಮಾಡಿ, "ಏನಕ್ಕ, ಹಪ್ಪಳ ಕಳಸೀರಲ್ಲ" ಅಂದರು.

ಮಂಗಳವಾರ ಅವಳು ಗುಡಿಯ ಪೂಜಾರಿಯ ಹತ್ತಿರ ಹೋದಳು. ನಿಜ ಹೇಳುವಂತಿಲ್ಲ. ಬಿಪಿ ಗುಳಿಗೆ ಅಂದಳು.

"ಹರಕಿ ದಿನ ಔಷಧ ತಗೊಂಡ್ರ ನಡೀತೈತೇನ್ರಿ ಅಜ್ಜಾರ?"

"ನಡದ್ರ ನಡೀತೈತವ್ವ. ನಡೀಲಿಲ್ಲಂದ್ರ ನಡಿಯಂಗಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ರಾಜಶ್ರೀ ಎದ್ದು ಹೊರಟವಳು ಬಾಗಿಲಲ್ಲಿ ತಿರುಗಿ, "ಹಂಗಾದ್ರ ಈ ಹರಕಿ ಬಿಡಸೋದು ಯಾರ್ರಿ? ದೇವರ? ನೀವ?" ಅಂದಳು.

"ಹೊತ್ತವರ ಬಿಡಸ್ಬೇಕು ತಂಗಿ. ತಪ್ಪಾದ್ರ ತಪ್ಪೂ ಅವರ ಮ್ಯಾಲೆ."

ಅದನ್ನು ಮನೆಗೆ ಬಂದು ಹೇಳಿದಳು. ಚಂದವ್ವ ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಲಿಲ್ಲ. "ನಾ ಬಿಡಸಂಗಿಲ್ಲ" ಅಂದಳು. ಮಾತು ಮುಗಿಯಿತು. ಅತ್ತೆ ಸೊಸೆ ಮೂರು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಪ್ಪು ಬೇಕಾದರೂ ವಿಜಯಶ್ರೀಯ ಮುಖಾಂತರ. "ನಿಮ್ಮವ್ವಗ ಹೇಳು", "ನಿಮ್ಮ ಆಯಿಗೆ ಹೇಳು". ಹುಡುಗಿ ಬೇಸತ್ತು, "ನಾ ಏನ್ ಟಪಾಲಿನಾಕಿ?" ಎಂದು ತಾಟು ಬಿಟ್ಟು ಎದ್ದಳು.

ಶುಕ್ರವಾರ ಅಮಾವಾಸ್ಯೆ. ತಾಯಿ ಮಗ ಬೆಳಗಿನಿಂದ ಹಾಲಿನ ಮೇಲಿದ್ದರು. ರಾಜಶ್ರೀ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇವತ್ತು ಬಿಟ್ಟರೆ ನಾಡಿದ್ದು ಐತವಾರ, ಆಚೆ ಸೋಮವಾರ, ಇದಕ್ಕೆ ಕೊನೆಯೆಂಬುದಿಲ್ಲ. ಗಂಡ ಹೀಗೆ ಬೆರಳಿನಿಂದ ಶುರುವಾಗಿ ಒಂದು ದಿನ ಮಗಳ ಹೆಸರನ್ನೂ ಕಳೆದುಕೊಳ್ಳುತ್ತಾನೆ. ದೀಪ ಹಚ್ಚಿದ ಮೇಲೆ ಅವಳು ಜಗಲಿಯ ಬಾಟಲಿಯಿಂದ ಒಂದು ಗುಳಿಗೆ ತೆಗೆದು ಅವನ ಅಂಗೈಯಲ್ಲಿಟ್ಟು ಎದುರಿಗೆ ನೀರಿನ ಚರಿಗೆ ಇಟ್ಟಳು.

"ನುಂಗ್ರಿ."

"ಅಮಸಿದ್ದಾ, ನನ್ನ ಆಣಿ ಐತಿ" ಅಂದಳು ಚಂದವ್ವ.

"ನನ್ನ ಆಣಿನೂ ಐತಿ."

"ಹಡದಾಕಿ ನಾ."

"ಬಾಳೇವು ಮಾಡಾಕಿ ನಾ. ಎಂಟು ವರ್ಷ ಯಾರ ಮುಂದೂ ಒಂದ ಮಾತು ಆಡದ ಈ ಮನಿ ಕಾಪಾಡೇನಿ. ನಾಳಿ ಇವರು ದಾರಿ ಮರತು ಎಲ್ಯರ ಹೋಗಿ ಬಿದ್ರ ನಿಮ್ಮ ದೇವರು ಗಾಡಿ ಮಾಡ್ಕೊಂಡು ಹೋಗಿ ಕರಕೊಂಡು ಬರ್ತಾನೇನು?"

"ದೇವರಿಗೆ ಬೈಬ್ಯಾಡ!"

"ಬೈತೇನಿ! ಹಳದಿ ಗಂಟು ಕಟ್ಟಿಸ್ಕೊಂಡು ಸುಮ್ಮನ ಕುಂತಾನಲ್ಲ, ಬೈತೇನಿ!"

"ಇಬ್ಬರೂ ಒಂದೀಟು ಸುಮ್ಮಕಿರ್ರಿ" ಎಂದು ವಿಜಯಶ್ರೀ ಕೂಗಿದಳು. "ಪಪ್ಪಾನ ಮಾರಿ ನೋಡ್ರಿ."

ಅಮಸಿದ್ದ ಅಂಗೈ ಚಾಚಿಕೊಂಡು ಹಾಗೇ ಕೂತಿದ್ದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಗುಳಿಗೆ ನೋಡಿದ. ಹಣೆಯ ಮೇಲೆ ಬೆವರು ಬಂದಿತ್ತು. ಟಗರಿನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಇದಕ್ಕಿಷ್ಟು ಎಂದು ಹೇಳುತ್ತಿದ್ದವನು, ಬೆರಳಿನಷ್ಟೂ ದೊಡ್ಡದಲ್ಲದ ಗುಳಿಗೆಯೊಂದನ್ನು ಏನು ಮಾಡಬೇಕೆಂದು ತೋಚದೆ ಕೂತಿದ್ದ.

"ಯಾರರ ಒಬ್ಬರು ಹೇಳ್ರಿ" ಅಂದ. ದನಿ ಸಣ್ಣದಾಗಿತ್ತು. "ನಂಗ ತಿಳಿಯವಲ್ದು."

"ತಿಳಿಯವಲ್ದು ಅಂದ್ರ?" ಚಂದವ್ವ ಕೇಳಿದಳು.

"ನೀ ಹೇಳಿದ್ದೂ ಖರೆ ಅನಸ್ತೈತಿ, ಆಕಿ ಹೇಳಿದ್ದೂ ಖರೆ ಅನಸ್ತೈತಿ. ಎರಡನ್ನೂ ಕೂಡಿಸಿ ನೋಡಾಕ ಹ್ವಾದ್ರ ಮೊದಲಿಂದು ಜಾರಿ ಹೋಗತೈತಿ. ದಿನಾ ಹಿಂಗ ಆಗತೈತವ್ವ. ಹೇಳಿದ್ರ ಬೈತಾರಂತ ಸುಮ್ಮಕಿದ್ದೆ. ನಂಗ ಅಂಜಿಕಿ ಬರಾಕತ್ತೈತಿ."

ನಲವತ್ತು ದಾಟಿದ ಮಗ ತಾಯಿಯ ಮುಂದೆ ಅಂಜಿಕೆ ಬರುತ್ತದೆ ಅಂದ. ಚಂದವ್ವ ಎದ್ದು ಅಡಿಗೆಮನೆಗೆ ನಡೆದಳು. ರೊಟ್ಟಿಯ ಬುಟ್ಟಿಯ ಮುಚ್ಚಳ ಕೆಳಗೆ ಬಿದ್ದ ಸಪ್ಪಳ ಕೇಳಿಸಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಒಣರೊಟ್ಟಿ ಇತ್ತು. ಜಗಲಿಯ ಮುಂದೆ ನಿಂತು, ದೇವರ ಕಡೆ ಮುಖ ಮಾಡಿ, ಮುರಿದು ಬಾಯಿಗೆ ತುರುಕಿಕೊಂಡಳು.

"ಅತ್ತಿ! ಏನ್ ಮಾಡಾಕತ್ತೀರಿ?"

"ಹೊತ್ತಾಕಿ ನಾ" ಅಂದಳು ಚಂದವ್ವ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. ಹೇಳಿದ್ದು ಸೊಸೆಗಲ್ಲ, ಜಗಲಿಯ ಮೇಲಿನ ದೇವರಿಗೆ. "ಮುರದಾಕೀನೂ ನಾ. ನೋಡಾಕತ್ತೀಯಿಲ್ಲೋ ಸಿದ್ಧಾ? ಅವಗಿಂತ ಮೊದಲ ನಾ ತಿಂದೇನಿ. ಏನ್ ಬರೋದೈತಿ, ನನ್ನ ತಲಿಮ್ಯಾಲ ಬರಲಿ. ಅವನ ತಂಟಿಗೆ ಹೋಗಬ್ಯಾಡ."

ಕಣ್ಣೀರು ಇಳಿಯುತ್ತಿತ್ತು. ಅಗಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ತುತ್ತು ಮುರಿದಳು.

"ನುಂಗೋ ಮಗನ. ಮುಗೀತು. ನುಂಗು."

ಅಮಸಿದ್ದ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಗಂಟಲು ಮೇಲೆ ಕೆಳಗೆ ಆಡಿದ್ದನ್ನು ಮೂವರು ಹೆಂಗಸರೂ ಕಣ್ಣು ಮಿಟುಕಿಸದೆ ನೋಡಿದರು. ಅಷ್ಟರಲ್ಲಿ ಚಂದವ್ವನಿಗೆ ಒಣರೊಟ್ಟಿ ಗಂಟಲಲ್ಲಿ ಸಿಕ್ಕು ಕೆಮ್ಮು ಹತ್ತಿತು. ಯಾರೂ ಹೇಳುವ ಮೊದಲೇ ಅಮಸಿದ್ದ ಎದ್ದು ಚರಿಗೆಯಲ್ಲಿ ಉಳಿದ ನೀರನ್ನು ಅವಳ ಬಾಯಿಗೆ ಹಿಡಿದ.

ಅವಳು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಸೊಸೆಯ ಕಡೆ ಕೆಂಗಣ್ಣು ಬಿಟ್ಟಳು.

"ನಾಳಿನೂ ಕೊಡಬೇಕೇನಿದು?"

"ದಿನಾರಿ. ಐತವಾರ, ಸ್ವಾಮಾರ, ಅಮಾಸಿ, ಹುಣ್ಣಿವಿ, ಎಲ್ಲಾ ದಿನಾನೂ. ಇರೋತನಕ."

"ಹ್ಞೂಂ." ಚಂದವ್ವ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡಳು. ನುಂಗಿದ ಮೇಲೆ ಕೇಳಿದಳು. "ನಿಂದಾತು?"

ರಾಜಶ್ರೀಗೆ ಮೊದಲು ತಿಳಿಯಲಿಲ್ಲ. ಎಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅತ್ತೆ ಒಮ್ಮೆಯೂ ಕೇಳಿರಲಿಲ್ಲ. ಉಪ್ಪಿನ ಡಬ್ಬಿಯ ಹಿಂದೆ ಏನಿದೆಯೆಂದೂ ನೋಡಿರಲಿಲ್ಲ.

"ಇಲ್ರಿ ಅತ್ತಿ" ಅಂದಳು.

"ಮತ್ತ ನನ್ನ ಮಾರಿ ಏನ್ ನೋಡಾಕತ್ತಿ? ನುಂಗು ಹೋಗು. ಇಬ್ಬರ್ದೂ ನಾನ ನೆನಪಿಟ್ಕೋಬೇಕೇನು?"